ಲ್ಯಾಚ್, ಹೈಂಡ್‌ಮಿಲ್ಕ್, ಎನ್‌ಗಾರ್ಜ್‌ಮೆಂಟ್: ಬಾಣಂತಿಗೆ ಇದನ್ನೆಲ್ಲ ಯಾವ ಮಾತಲ್ಲಿ ಹೇಳುವುದು?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಈಚೆಗೆ ಎದೆಹಾಲು ಕೌನ್ಸೆಲಿಂಗ್ ತರಬೇತಿ ಮುಗಿಸಿದೆ. ಪಾಠ, ಪುಸ್ತಕ ಎಲ್ಲ ಇಂಗ್ಲಿಷಿನಲ್ಲೇ ಇತ್ತು. ವಾರ್ಡಿನಲ್ಲಿ ‘ಸ್ತನಕ್ಕೆ ಅಂಟಿಕೊಳ್ಳುವಿಕೆ’, ‘ಬೇಡಿಕೆ ಮೇರೆಗೆ ಸ್ತನ್ಯಪಾನ’ ಎಂದೆಲ್ಲ ಹೇಳಿದರೆ ತಾಯಂದಿರು ಸುಮ್ನೆ ತಲೆಯಾಡಿಸುತ್ತಾರೆ, ಮಾಡುವುದು ಮಾತ್ರ ಬೇರೆ. ಯಾವುದಕ್ಕೆ ಯಾವ ಪದ ಬಳಸಬೇಕು ಎಂದು ಒಂದು ಪಟ್ಟಿ ಕೊಡುತ್ತೀರಾ? ಇನ್ನೊಂದು ವಿಷಯ. ‘ಮೊಲೆ’ ಎನ್ನಲು ನನಗೆ ಸಂಕೋಚ. ‘ಸ್ತನ’ ಎಂದರೆ ಅವರಿಗೆ ದೂರ. ಏನು ಮಾಡಲಿ?

ಉತ್ತರ: ಪಟ್ಟಿ ಕೊಡುವುದು ಕಷ್ಟವಲ್ಲ. ಆದರೆ ಪಟ್ಟಿ ಹಿಡಿದುಕೊಂಡು ವಾರ್ಡಿಗೆ ಹೋದರೆ ನಿಮ್ಮ ತೊಂದರೆ ಹಾಗೇ ಉಳಿಯುತ್ತದೆ. ಅದಕ್ಕೆ ಮೊದಲು ನಾನು ಪದವನ್ನು ಹೇಗೆ ಆರಿಸುತ್ತೇನೆ ಎಂದು ಹೇಳಿಬಿಡುತ್ತೇನೆ. ಒಂದು ಮಾತು ಹೇಳಿದ ಮೇಲೆ ನಾನು ತಾಯಿಯ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಕೈ ಹೋಗಬೇಕಾದ ಕಡೆ ಹೋದರೆ ಆ ಪದ ಸರಿ. ಹೋಗದಿದ್ದರೆ ಎಷ್ಟೇ ಚೆಂದದ ಪದವಾದರೂ ನನಗೆ ಬೇಡ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲಸ ಶುರುಮಾಡಿದ ಹೊಸದು. ಇಂಗ್ಲಿಷಿನ ಫೋರ್‌ಮಿಲ್ಕ್ (ಮಗು ಕುಡಿಯಲು ಶುರುಮಾಡಿದಾಗ ಬರುವ ಹಾಲು), ಹೈಂಡ್‌ಮಿಲ್ಕ್ (ಕುಡಿಯುತ್ತ ಕೊನೆಗೆ ಬರುವ ಹಾಲು) ಎಂಬುದನ್ನು ‘ಮುಂದಿನ ಹಾಲು, ಹಿಂದಿನ ಹಾಲು’ ಎಂದು ಮಾಡಿಕೊಂಡಿದ್ದೆ. ತೂಕ ಏರದ ಮಗುವಿನ ತಾಯಿಗೆ ‘ಹಿಂದಿನ ಹಾಲು ಚೆನ್ನಾಗಿ ಕುಡಿಸಮ್ಮ, ಅದರಲ್ಲೇ ಕೊಬ್ಬು ಜಾಸ್ತಿ’ ಎಂದೆ. ಮಾರನೇ ದಿನ ನೋಡಿದರೆ ಆಕೆ ಬೆಳಿಗ್ಗೆ ಲೋಟಕ್ಕೆ ತೆಗೆದಿಟ್ಟ ಹಾಲನ್ನು ಮಧ್ಯಾಹ್ನ ಕುಡಿಸುತ್ತಿದ್ದಾಳೆ. ‘ಹಿಂದಿನದ್ದು ಕೊಡಿ ಅಂದ್ರಲ್ಲ ಸಿಸ್ಟರ್’ ಎಂದಳು. ಅವಳದ್ದೇನೂ ತಪ್ಪಿಲ್ಲ. ಹಿಂದಿನ ವಾರ ಎಂದರೆ ಕಳೆದ ವಾರ, ಮುಂದಿನ ವಾರ ಎಂದರೆ ಬರುವ ವಾರ. ಕನ್ನಡದ ಕಿವಿಗೆ ‘ಹಿಂದಿನ ಹಾಲು’ ಎಂದರೆ ಆಗಲೇ ಬಂದು ಹೋದದ್ದು. ನಾನು ಹೇಳಬೇಕಿದ್ದದ್ದು ಸರಿಯಾಗಿ ಅದರ ಉಲ್ಟಾ.

ಈಗ ಆ ಎರಡು ಹೆಸರನ್ನೇ ಬಿಟ್ಟಿದ್ದೇನೆ. ಎದೆಯಲ್ಲಿ ಎರಡು ಬಗೆಯ ಹಾಲೇನೂ ಇಲ್ಲ. ಮಗು ಕುಡಿಯುತ್ತ ಹೋದಂತೆ ಕೊಬ್ಬು ನಿಧಾನಕ್ಕೆ ಹೆಚ್ಚುತ್ತ ಹೋಗುತ್ತದೆ, ಅಷ್ಟೇ. ‘ಒಂದು ಕಡೆ ಪೂರ್ತಿ ಕುಡಿದು ತಾನಾಗಿ ಬಿಡಲಿ, ಆಮೇಲೆ ಇನ್ನೊಂದು ಕಡೆ ಕೊಡು. ಕುಡಿಯುತ್ತ ಕುಡಿಯುತ್ತ ಹಾಲು ಗಟ್ಟಿಯಾಗುತ್ತದೆ’ ಎನ್ನುತ್ತೇನೆ. ‘ನನ್ನ ಹಾಲು ನೀರಿನ ಹಾಗಿದೆ’ ಎನ್ನುವ ತಾಯಿಗೂ ಇದೇ ಉತ್ತರ ಸಾಕು.

ಇನ್ನು ನಿಮ್ಮ ‘ಅಂಟಿಕೊಳ್ಳುವಿಕೆ’. ಹಾಸಿಗೆಯ ಪಕ್ಕ ಹತ್ತು ನಿಮಿಷ ಸುಮ್ಮನೆ ಕೂತು ಕೇಳಿ, ಪದ ಅಲ್ಲೇ ಸಿಗುತ್ತದೆ. ‘ಮಗು ಎದೆ ಹಿಡೀತಿಲ್ಲ’ ಎನ್ನುತ್ತಾರೆ. ಹಿಡಿಯುವುದು! ಲ್ಯಾಚ್ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಕೆಲವರು ‘ಕಚ್ಚಿಸಿ’ ಎನ್ನುತ್ತಾರೆ. ಅದು ಬೇಡ. ಕಚ್ಚುವುದು ಎಂದ ಕೂಡಲೇ ತಾಯಿ ಹೆದರಿ ಮೈ ಹಿಂದೆ ಎಳೆದುಕೊಳ್ಳುತ್ತಾಳೆ. ಆಗ ಮಗುವಿನ ಬಾಯಿಗೆ ತೊಟ್ಟಿನ ತುದಿ ಮಾತ್ರ ಸಿಗುತ್ತದೆ, ನೋವು ಶುರುವಾಗುತ್ತದೆ.

ಸರಿಯಾದ ಹಿಡಿತಕ್ಕೆ ನಾಲ್ಕು ಗುರುತು ನಿಮಗೆ ಬಾಯಿಪಾಠ ಇದ್ದೇ ಇರುತ್ತದೆ. ಬಾಯಿ ಅಗಲ ತೆರೆದಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಜಾಸ್ತಿ, ಕೆಳಗಡೆ ಕಡಿಮೆ ಕಾಣಬೇಕು. ನಾಲ್ಕನೆಯದರಲ್ಲೇ ಜನ ಎಡವುವುದು. ‘ಗಲ್ಲ ಎದೆಗೆ ತಾಗಿರಬೇಕು’ ಎಂದು ಮೈಸೂರು ಕಡೆಯ ನರ್ಸ್ ಹೇಳಿದರೆ ಕಲಬುರಗಿ ಕಡೆಯ ತಾಯಿ ಮಗುವಿನ ಕೆನ್ನೆ ಒತ್ತಿಕೊಳ್ಳುತ್ತಾಳೆ. ಉತ್ತರ ಕರ್ನಾಟಕದಲ್ಲಿ ಗಲ್ಲ ಎಂದರೆ ಕೆನ್ನೆಯೇ ಅಲ್ವಾ? ‘ಗದ್ದ’ ಎನ್ನಿ. ಹೇಳುವಾಗ ನಿಮ್ಮ ಬೆರಳಿನಿಂದ ಮಗುವಿನ ಗದ್ದ ಮುಟ್ಟಿ ತೋರಿಸಿ.

ಹಿಡಿದ ಮೇಲಿನ ಕೆಲಸಕ್ಕೂ ನಮ್ಮಲ್ಲಿ ಎರಡು ಪದ ಇವೆ. ಚೀಪುವುದು ಬೇರೆ, ಕುಡಿಯುವುದು ಬೇರೆ. ‘ಅರ್ಧ ಗಂಟೆಯಿಂದ ಬಾಯಲ್ಲೇ ಇಟ್ಟುಕೊಂಡಿದೆ’ ಎಂದು ತಾಯಿ ಹೇಳಿದರೆ ‘ಚೀಪ್ತಿದೆಯಾ, ಕುಡೀತಿದೆಯಾ?’ ಎಂದು ಕೇಳಿ. ಆಗ ಅವಳೇ ಬಗ್ಗಿ ನೋಡುತ್ತಾಳೆ. ಚೀಪುವಾಗ ದವಡೆ ಚಿಕ್ಕದಾಗಿ, ಬೇಗ ಬೇಗ ಅಲ್ಲಾಡುತ್ತದೆ. ಕುಡಿಯುವಾಗ ದವಡೆ ಕೆಳಗೆ ಇಳಿಯುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಗುಟುಕು ನುಂಗುವ ಸದ್ದು ಕೇಳುತ್ತದೆ. ‘ಗುಟುಕು ಎಣಿಸಮ್ಮ’ ಎಂದು ಹೇಳಿ ನೋಡಿ. ಗಡಿಯಾರ ನೋಡುವುದನ್ನು ಬಿಟ್ಟು ಮಗುವನ್ನು ನೋಡಲು ಶುರುಮಾಡುತ್ತಾಳೆ.

‘ಬೇಡಿಕೆ ಮೇರೆಗೆ’ ಎನ್ನುವುದನ್ನು ಇವತ್ತೇ ಬಿಟ್ಟುಬಿಡಿ. ಅದು ಅರ್ಜಿ ಕೊಟ್ಟ ಹಾಗೆ ಕೇಳಿಸುತ್ತದೆ. ‘ಕೇಳಿದಾಗಲೆಲ್ಲ ಕುಡಿಸು’ ಎಂದರೆ ಸಾಕು. ಆದರೆ ಹೆಚ್ಚಿನವರಿಗೆ ಮಗು ಕೇಳುವುದು ಎಂದರೆ ಅಳುವುದು. ಅಳು ಹಸಿವಿನ ಕೊನೆಯ ಗುರುತು. ಅತ್ತು ಅತ್ತು ಸುಸ್ತಾದ ಕೂಸು ಎದೆ ಹಿಡಿಯುವುದಿಲ್ಲ. ಅದಕ್ಕೆ ‘ಬಾಯಿ ತಡಕಾಡಿದರೆ, ಕೈ ಬಾಯಿಗೆ ತಂದರೆ, ಅದೇ ಕೇಳುವುದು’ ಎಂದು ಸೇರಿಸಿ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ.

ಈಗ ನಾನು ತುಂಬಾ ಯೋಚಿಸಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಭಾಷೆಯಲ್ಲಿ ಹಾಲಿನ ಮಾತೆಲ್ಲ ಹಸುವಿನ ಹಟ್ಟಿಯಿಂದ ಬಂದದ್ದು. ಅದು ಕೆಲವು ಕಡೆ ಕೈ ಹಿಡಿಯುತ್ತದೆ, ಕೆಲವು ಕಡೆ ದಾರಿ ತಪ್ಪಿಸುತ್ತದೆ.

ಕೈ ಹಿಡಿಯುವುದು ಗಿಣ್ಣು. ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಕೊಲೊಸ್ಟ್ರಮ್ ಎಂದು ಹೇಳಿ ಅದರಲ್ಲಿ ರೋಗನಿರೋಧಕ ಅಂಶ ಇದೆ ಎಂದು ವಿವರಿಸುವ ಹೊತ್ತಿಗೆ ಅಜ್ಜಿ ಜೇನುತುಪ್ಪ ನೆಕ್ಕಿಸಿ ಆಗಿರುತ್ತದೆ. ‘ಇದು ತಾಯಿಯ ಗಿಣ್ಣು’ ಎಂದು ನೋಡಿ. ಹಸು ಕರು ಹಾಕಿದರೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೂ ಕೊಡುವವರು ನಾವು. ಅದೇ ಮನೆಯಲ್ಲಿ ಬಾಣಂತಿಯ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುತ್ತಾರೆ. ಗಿಣ್ಣು ಎಂಬ ಒಂದು ಪದ ಆ ಕೈಯನ್ನು ತಡೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪೇಟೆಯ ಕೆಲವು ತಾಯಂದಿರಿಗೆ ಹಸುವಿನ ಹೋಲಿಕೆ ಹಿಡಿಸುವುದಿಲ್ಲ. ಅವರಿಗೆ ‘ಮೊದಲ ಹಾಲು’ ಎನ್ನಿ. ಹುಟ್ಟಿದ ಒಂದು ಗಂಟೆಯೊಳಗೆ ಅದು ಮಗುವಿಗೆ ಸಿಗಬೇಕು. ಸಿಜೇರಿಯನ್ ಆದ ತಾಯಿಗೂ ಎಚ್ಚರವಾಗಿ ಮಾತನಾಡುವಂತಾದ ಕೂಡಲೇ ಪಕ್ಕದಲ್ಲಿ ನಿಂತು ಕುಡಿಸಿ.

ಇಲ್ಲೇ ಒಂದು ಗುಂಡಿ ಇದೆ. ನಮ್ಮಲ್ಲಿ ‘ಹಾಲು ಬಂತು’ ಎನ್ನುವುದು ಎದೆ ತುಂಬಿ ಭಾರವಾದಾಗ, ಅಂದರೆ ಎರಡನೇ ಮೂರನೇ ದಿನದ ಹೊತ್ತಿಗೆ. ಅಲ್ಲಿಯವರೆಗೆ ಎಲ್ಲರ ಬಾಯಲ್ಲೂ ‘ಇನ್ನೂ ಹಾಲೇ ಬಂದಿಲ್ಲ’. ಆ ಮಾತಿನ ಹಿಂದೆಯೇ ಡಬ್ಬಿ ಹಾಲು ಬರುತ್ತದೆ. ಡ್ಯೂಟಿಯಲ್ಲಿರುವ ನರ್ಸ್ ಕೂಡ ‘ಹಾಲು ಬಂತಾ?’ ಎಂದೇ ಕೇಳುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ‘ಹಾಲು ಇದೆ, ಇನ್ನೂ ತುಂಬಿಲ್ಲ. ಈಗ ಮಗುವಿಗೆ ಬೇಕಾಗಿರುವುದೇ ಇಷ್ಟು’ ಎನ್ನಿ. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ ಎಂದು ಮೊದಲೇ ಹೇಳಿಡಿ. ಹುಟ್ಟುತೂಕದ 10 ಶೇಕಡಾಕ್ಕಿಂತ ಹೆಚ್ಚು ಇಳಿದರೆ ಮಾತ್ರ ವೈದ್ಯರು ನೋಡಲೇಬೇಕು.

ದಾರಿ ತಪ್ಪಿಸುವ ಮಾತು ಯಾವುದು ಗೊತ್ತಾ? ‘ಹಿಂಡುವುದು’, ‘ಕರೆಯುವುದು’. ಮಗು ಮೈ ಬೆಚ್ಚಗಿಡುವ ವಾರ್ಮರ್‌ನಲ್ಲಿದೆ, ತಾಯಿ ಕೈಯಿಂದ ಹಾಲು ತೆಗೆಯಬೇಕು. ‘ಹಿಂಡಿ’ ಎಂದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಇಡೀ ಎದೆಯನ್ನು ಹಿಸುಕುತ್ತಾಳೆ. ‘ಕರೆಯಿರಿ’ ಎಂದರೆ ತೊಟ್ಟು ಹಿಡಿದು ಎಳೆಯುತ್ತಾಳೆ. ಹಾಲು ಬರುವುದಿಲ್ಲ, ನೋವು ಮಾತ್ರ ಬರುತ್ತದೆ. ನಾನು ಬಳಸುವುದು ‘ಒತ್ತು’ ಎಂಬ ಪದ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಅಂಚಿನಲ್ಲಿ. ಮೊದಲು ಎದೆಗೂಡಿನ ಕಡೆಗೆ ಒತ್ತು. ಆಮೇಲೆ ಬೆರಳು ಕೂಡಿಸಿ ಒತ್ತು. ಬಿಡು. ‘ಒತ್ತು, ಬಿಡು, ಒತ್ತು, ಬಿಡು’ ಎಂದು ತಾಳದಲ್ಲಿ ಹೇಳುತ್ತ ಕೂರುತ್ತೇನೆ. ಬೆರಳು ಚರ್ಮದ ಮೇಲೆ ಜಾರಬಾರದು. ಎರಡು ನಿಮಿಷ ಏನೂ ಬರುವುದಿಲ್ಲ, ಆಮೇಲೆ ಹನಿ ಹನಿ, ಆಮೇಲೆ ಚಿಲ್ ಎಂದು ಎಳೆಯಾಗಿ ಚಿಮ್ಮುತ್ತದೆ. ಆ ಘಳಿಗೆಯೇ ನಿಮ್ಮ ಪುಸ್ತಕದ ಲೆಟ್‌ಡೌನ್. ‘ಹಾಲು ಇಳಿಯಿತು’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಕರುವನ್ನು ಬಿಟ್ಟ ಮೇಲೇ ಹಸು ಹಾಲು ಇಳಿಸುವುದು ಎಂದು ಹಳ್ಳಿಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಮಗುವನ್ನು ನೋಡಿ, ಮುಟ್ಟಿ, ಅದರ ಬಟ್ಟೆಯ ವಾಸನೆ ನೋಡಿ ಹಾಲು ತೆಗೆದರೆ ಜಾಸ್ತಿ ಬರುವುದೂ ಅದಕ್ಕೇ. ಹಾಲು ಇಳಿಸುವ ಹಾರ್ಮೋನಿನ ಆಕ್ಸಿಟೋಸಿನ್ ಎಂಬ ಹೆಸರು ನಿಮ್ಮ ತಲೆಯಲ್ಲಿರಲಿ, ಅವಳಿಗೆ ಬೇಡ.

ಇನ್ನೂ ಅಪಾಯದ ಮಾತು ಕೆಚ್ಚಲು ಬಾವು. ಹಸು ಸಾಕಿದ ಮನೆಯವರಿಗೆ ಮ್ಯಾಸ್ಟೈಟಿಸ್ ಎಂದರೆ ಇದೇ. ಅಲ್ಲಿ ಹಾಲು ಕೆಟ್ಟಿತು ಎಂದು ಚೆಲ್ಲುತ್ತಾರೆ. ಅದೇ ಲೆಕ್ಕದಲ್ಲಿ ಬಾಣಂತಿಗೆ ಒಂದು ಕಡೆ ಬಾವು ಬಂದರೆ ಆ ಕಡೆ ಕುಡಿಸುವುದನ್ನೇ ನಿಲ್ಲಿಸುತ್ತಾರೆ. ಹಾಲು ಒಳಗೇ ನಿಂತು ಬಾವು ಇನ್ನೂ ಜೋರಾಗುತ್ತದೆ, ಕೊನೆಗೆ ಕೀವು ಕಟ್ಟುವುದೂ ಉಂಟು. ಹಾಗಾಗಿ ‘ಎದೆ ಬಾವು’ ಎನ್ನಿ, ಅದೇ ಉಸಿರಿನಲ್ಲಿ ‘ಹಾಲು ಕೆಟ್ಟಿಲ್ಲ, ಕುಡಿಸುತ್ತಲೇ ಇರು’ ಎಂದೂ ಹೇಳಿ. ಜ್ವರ, ಚಳಿ ಇದ್ದರೆ, ಒಂದು ದಿನದಲ್ಲಿ ಕಡಿಮೆಯಾಗದಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು.

ಎನ್‌ಗಾರ್ಜ್‌ಮೆಂಟ್‌ಗೆ ‘ಹಾಲು ಕಟ್ಟಿಕೊಂಡಿದೆ’, ‘ಎದೆ ಕಲ್ಲಾಗಿದೆ’ ಎನ್ನುತ್ತಾರೆ. ಎರಡೂ ಒಳ್ಳೆಯ ಮಾತೇ. ಆದರೆ ‘ಗಂಟು ಒಡೆಯಬೇಕು’ ಎಂದು ಮನೆಯವರು ಹೇಳಿದರೆ ತಕ್ಷಣ ತಡೆಯಿರಿ. ಒಡೆಯುವುದು ಎಂದ ಮೇಲೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕುತ್ತಾರೆ. ತಿಕ್ಕಿದಷ್ಟೂ ಒಳಗೆ ಊತ ಹೆಚ್ಚುತ್ತದೆ. ‘ಕಪ್ಪು ಭಾಗ ಮೆತ್ತಗೆ ಮಾಡೋಣ’ ಎನ್ನಿ. ತೊಟ್ಟಿನ ಸುತ್ತ ಬೆರಳ ತುದಿಗಳಿಟ್ಟು ಒಂದು ನಿಮಿಷ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿದರೆ ಆ ಜಾಗ ಸಡಿಲವಾಗಿ ಮಗುವಿಗೆ ಹಿಡಿಯಲು ಸಿಗುತ್ತದೆ. ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಇಟ್ಟರೆ ಉರಿ ಇಳಿಯುತ್ತದೆ. ಬಾಣಂತಿಗೆ ತಣ್ಣೀರು ಎಂದರೆ ಮನೆಯಲ್ಲಿ ಗಲಾಟೆಯಾಗುತ್ತದೆ, ನನಗೆ ಗೊತ್ತು. ‘ಎದೆ ಮೇಲೆ ಮಾತ್ರ, ಹತ್ತೇ ನಿಮಿಷ’ ಎಂದು ಅಜ್ಜಿಯ ಹತ್ತಿರವೇ ಮಾತಾಡಿ, ಅವರ ಕೈಯಲ್ಲೇ ಇಡಿಸಿ.

ಮಗುವಿನ ಆರೋಗ್ಯದ ಪದಗಳಲ್ಲಿ ನನಗೆ ಹೆಚ್ಚು ಭಯ ‘ಕಾಮಾಲೆ’ ಎಂಬುದರದ್ದು. ಜಾಂಡಿಸ್‌ಗೆ ಕನ್ನಡದಲ್ಲಿ ಅದೇ ಪದ, ತಪ್ಪೇನಿಲ್ಲ. ಆದರೆ ಕಾಮಾಲೆ ಎಂದ ಕೂಡಲೇ ಮನೆಯವರಿಗೆ ದೊಡ್ಡವರ ಕಾಮಾಲೆ ನೆನಪಾಗುತ್ತದೆ. ತಾಯಿಗೆ ತುಪ್ಪ, ಎಣ್ಣೆ ಬಿಡಿಸಿ ಪಥ್ಯ ಹಾಕುತ್ತಾರೆ. ನಾಟಿ ಔಷಧಿಗೆ ಓಡುತ್ತಾರೆ. ಕೆಲವು ಕಡೆ ಎಳೆ ಮಗುವಿಗೆ ಬರೆ ಹಾಕಿಸುವುದೂ ಇನ್ನೂ ಪೂರ್ತಿ ನಿಂತಿಲ್ಲ. ಅದನ್ನು ಬರೆಯುವಾಗಲೂ ನನ್ನ ಹೊಟ್ಟೆ ಕಿವುಚುತ್ತದೆ. ಹಾಗಾಗಿ ಎರಡನೇ ಮೂರನೇ ದಿನ ಕಾಣುವ ಮಾಮೂಲಿ ಹಳದಿಗೆ ನಾನು ‘ಮೈ ಹಳದಿ’ ಎನ್ನುತ್ತೇನೆ. ‘ಯಕೃತ್ತು ಇನ್ನೂ ಬಲಿತಿಲ್ಲ, ಪದೇ ಪದೇ ಹಾಲು ಕುಡಿಸಿದರೆ ಮಲದಲ್ಲಿ ಹೋಗುತ್ತದೆ’ ಎನ್ನುತ್ತೇನೆ. ಕಾಮಾಲೆ ಎಂಬ ಗಟ್ಟಿ ಪದವನ್ನು ಗಟ್ಟಿ ಸಂದರ್ಭಕ್ಕೆ ಇಟ್ಟುಕೊಂಡಿದ್ದೇನೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಎರಡು ವಾರ ಕಳೆದರೂ ಹೋಗದಿದ್ದರೆ, ಆಗ ‘ಇದು ಕಾಮಾಲೆ, ಈಗಲೇ ತೋರಿಸಬೇಕು’. ಬೆಳಗಿನ ಬಿಸಿಲು ಇದಕ್ಕೆ ಚಿಕಿತ್ಸೆ ಅಲ್ಲ ಎಂದೂ ಹೇಳಿ. ನೀಲಿ ದೀಪದ ಕೆಳಗೆ ಇಟ್ಟ ಮಗುವನ್ನು ಮನೆಯವರು ‘ಪೆಟ್ಟಿಗೆಯಲ್ಲಿಟ್ಟಿದ್ದಾರೆ’ ಎಂದು ಊರಿಗೆಲ್ಲ ಫೋನ್ ಮಾಡುತ್ತಾರೆ, ಕೇಳಿದವರು ಮಗು ಉಳಿಯುವುದಿಲ್ಲ ಎಂದುಕೊಳ್ಳುತ್ತಾರೆ. ‘ಬೆಳಕಿನ ಚಿಕಿತ್ಸೆ, ಹಾಲಿಗೆ ನಿಮ್ಮ ಹತ್ತಿರವೇ ಬರುತ್ತದೆ’ ಎಂದು ನೀವೇ ಮೊದಲು ಹೇಳಿಬಿಡಿ.

ಮನೆಯವರು ಬಳಸುವ ಪದವನ್ನು ಬಿಡಿಸಿ ನೋಡುವುದೂ ನಮ್ಮ ಕೆಲಸ. ಅಜ್ಜಿ ‘ಬಾಲಗ್ರಹ’ ಎಂದರೆ ಮೂಢನಂಬಿಕೆ ಎಂದು ತಳ್ಳಬೇಡಿ. ‘ಅಜ್ಜಿ, ಕೈಕಾಲು ಏನು ಮಾಡ್ತಿತ್ತು? ಕಣ್ಣು ಎಲ್ಲಿ ನೋಡ್ತಿತ್ತು?’ ಎಂದು ಕೇಳಿ. ಅದು ಫಿಟ್ಸ್ ಆಗಿರಬಹುದು. ಬರೀ ನಡುಕವಾದರೆ ಕೈ ಹಿಡಿದ ಕೂಡಲೇ ನಿಲ್ಲುತ್ತದೆ, ಫಿಟ್ಸ್ ಹಿಡಿದರೂ ನಿಲ್ಲುವುದಿಲ್ಲ. ‘ಭೇದಿ ಆಗ್ತಿದೆ’ ಎಂದರೆ ಬಟ್ಟೆ ತೋರಿಸಲು ಹೇಳಿ. ಎದೆಹಾಲು ಕುಡಿಯುವ ಮಗುವಿನ ಮಲ ಹಳದಿಯಾಗಿ, ತೆಳ್ಳಗೆ, ಕಾಳು ಕಾಳಾಗಿ ಇರುವುದೇ ಸಹಜ. ಫೋನಿನಲ್ಲಿ ‘ಕಕ್ಕ’ ಎಂದರೋ ‘ಕಕ್ಕಿತು’ ಎಂದರೋ ಎಂದು ಇನ್ನೊಮ್ಮೆ ಕೇಳಿ. ಒಂದು ಮಲ, ಇನ್ನೊಂದು ಬಾಯಿಂದ ಹಾಲು ಬಂದದ್ದು. ಕುಡಿದ ಮೇಲೆ ತೇಗಿನ ಜೊತೆ ಒಂದಿಷ್ಟು ಕಕ್ಕುವುದು ಮಾಮೂಲಿ. ರಭಸವಾಗಿ ಚಿಮ್ಮಿದರೆ ಅಥವಾ ಹಸಿರಾಗಿದ್ದರೆ ಅದು ವಾಂತಿ, ಕಾಯಬಾರದು.

‘ಮಂಕಾಗಿದೆ’, ‘ಹಾಲು ಬಿಟ್ಟಿದೆ’. ಈ ಎರಡು ಮಾತು ಕಿವಿಗೆ ಬಿದ್ದರೆ ಉಳಿದ ಕೆಲಸ ಪಕ್ಕಕ್ಕಿಡಿ. ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಪಕ್ಕೆ ಸೆಳೆತ, ಕಂಕುಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಇಲ್ಲವೇ 35.5ಕ್ಕಿಂತ ಕಡಿಮೆ ತಾಪಮಾನ ಎಂದು ನೀವು ಕಲಿತ ಅಪಾಯದ ಗುರುತುಗಳನ್ನು ತಾಯಿ ಮನೆಭಾಷೆಯಲ್ಲಿ ಹೇಳುವುದು ಬಹಳ ಸಲ ಆ ಎರಡು ಮಾತಲ್ಲೇ.

ತಾಯಿಯ ಬಗ್ಗೆಯೂ ಒಂದು ಪದ ಇದೆ, ‘ಬಾಣಂತಿ ಸನ್ನಿ’. ಹೆರಿಗೆಯಾಗಿ ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳುವ ಹುಡುಗಿಗೆ ಈ ಪದ ಅಂಟಿಸಲು ಬಿಡಬೇಡಿ. ಅದು ಬಹಳ ಮಂದಿಗೆ ಬರುವ ಅಳು, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಖಿನ್ನತೆ ಇರಬಹುದು, ತೋರಿಸಬೇಕು. ನಿದ್ದೆಯೇ ಬಿಟ್ಟು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವಳನ್ನು ಅದೇ ದಿನ ಕಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಮನೆಯವರಿಗೆ ಅದನ್ನು ತಿಳಿಸಿ.

ಕೆಲವಕ್ಕೆ ಜಾಸ್ತಿ ಮಾತು ಬೇಡ. ತರಬೇತಿಯಲ್ಲಿ ‘ಪಲಾಡೈ’ ಎಂದದ್ದು ಮಗುವಿಗೆ ಹಾಲು ಹಾಕುವ ನಮ್ಮ ಒಳಲೆ. ಮನೆಮನೆಯಲ್ಲೂ ಇದೆ, ಕುದಿಸಿ ಬಳಸಲು ಹೇಳಿ. ಅವಧಿಪೂರ್ವ ಶಿಶು ಎಂದರೆ ‘ತಿಂಗಳು ತುಂಬದ ಮಗು’. ಕಾಂಗರೂ ಆರೈಕೆ ಎಂದು ಫೈಲಿನಲ್ಲಿ ಬರೆಯಿರಿ, ತಾಯಿಗೆ ‘ಬಟ್ಟೆ ತೆಗೆದು ಮೈಗೆ ಮೈ ತಾಗಿಸಿ ಎದೆಗವಚಿಕೊ’ ಎನ್ನಿ. ಅಪ್ಪನೂ ಮಾಡಬಹುದು ಎಂದು ಹೇಳುವುದನ್ನು ಮರೆಯಬೇಡಿ.

‘ಬರೀ ಎದೆಹಾಲು’ ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ಆರು ತಿಂಗಳು ಬರೀ ಎದೆಹಾಲು ಕೊಡಬೇಕು, ನೀರೂ ಬೇಡ. ‘ಬರೀ ಎದೆಹಾಲೇನಮ್ಮಾ?’ ಎಂದು ಕೇಳಿದರೆ ‘ಹೂಂ’ ಎನ್ನುತ್ತಾರೆ. ಸುಳ್ಳಲ್ಲ. ನೀರು, ಬಜೆ, ಗ್ರೈಪ್ ವಾಟರ್, ಇವನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ‘ನಿನ್ನೆ ಬೆಳಿಗ್ಗೆಯಿಂದ ಮಗುವಿನ ಬಾಯಿಗೆ ಏನೇನು ಹಾಕಿದ್ರಿ?’ ಎಂದು ಕೇಳಿ. ಆಗ ಎಲ್ಲ ಹೊರಬರುತ್ತದೆ. ವೈದ್ಯರು ಬರೆದ ಡ್ರಾಪ್ಸ್, ಔಷಧಿ ಪರವಾಗಿಲ್ಲ. ಡಬ್ಬಿ ಹಾಲಿಗೆ ‘ಟಾಪ್ ಫೀಡ್’ ಎಂಬ ಮರ್ಯಾದೆಯ ಹೆಸರನ್ನೂ ಬಿಡಿ. ಶಿಶು ಹಾಲಿನ ಬದಲಿಗಳು, ಫೀಡಿಂಗ್ ಬಾಟಲಿಗಳ ಪ್ರಚಾರವನ್ನು ನಿಷೇಧಿಸುವ ಕಾನೂನು 1992ರಲ್ಲೇ ಬಂದಿದೆ, 2003ರಲ್ಲಿ ಬಿಗಿಯಾಗಿದೆ. ನಮ್ಮ ಬಾಯಿಂದ ಬ್ರ್ಯಾಂಡಿನ ಹೆಸರು ಬರಲೇಬಾರದು.

ಕೊನೆಗೆ ನಿಮ್ಮ ಸಂಕೋಚದ ಮಾತು. ನಾನು ಮೊದಲಿಗೆ ‘ಎದೆ’ ಎನ್ನುತ್ತೇನೆ. ಆಮೇಲೆ ಆ ತಾಯಿ, ಆಕೆಯ ಅಮ್ಮ ಯಾವ ಪದ ಬಳಸುತ್ತಾರೋ ಅದನ್ನೇ ಹಿಡಿಯುತ್ತೇನೆ. ಅವರು ‘ಮೊಲೆ’ ಎಂದರೆ ನಾನೂ ಮೊಲೆ ಎನ್ನುತ್ತೇನೆ, ದನಿ ತಗ್ಗಿಸದೆ. ಅದು ಹಳೆಯ, ಒಳ್ಳೆಯ ಪದ. ಹಳ್ಳಿಯ ಅಜ್ಜಿಯರ ಬಾಯಲ್ಲಿ ಅದಕ್ಕೆ ನಾಚಿಕೆಯೇ ಇಲ್ಲ. ಗಂಡ, ಮಾವ ಪಕ್ಕದಲ್ಲಿದ್ದಾಗ ತಾಯಿ ಮುದುಡಿದರೆ ಅವರನ್ನು ಐದು ನಿಮಿಷ ಹೊರಗೆ ಕಳಿಸಿ, ಪದ ಬದಲಿಸುವುದಕ್ಕಿಂತ ಅದೇ ಸುಲಭ.

‘ಎದೆ’ಯಲ್ಲೂ ಒಂದು ತೊಡಕಿದೆ. ಮನೆಗೆ ಹೋದ ಬಾಣಂತಿ ಫೋನ್ ಮಾಡಿ ‘ಎದೆ ನೋವು ಸಿಸ್ಟರ್’ ಎಂದರೆ ತಕ್ಷಣ ಹಾಲು ಕಟ್ಟಿರಬೇಕು ಎಂದುಕೊಳ್ಳಬೇಡಿ. ‘ಹಾಲು ಬರುವ ಕಡೆ ನೋವಾ, ಇಲ್ಲ ಎದೆಯ ಒಳಗಾ? ಏದುಸಿರು ಬರ್ತಿದೆಯಾ? ಮಲಗಿದರೆ ಉಸಿರು ಕಟ್ಟುತ್ತಾ?’ ಎಂದು ಕೇಳಿ. ಹೆರಿಗೆಯ ನಂತರದ ವಾರಗಳಲ್ಲಿ ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗುವುದು, ಹೃದಯ ಸೋಲುವುದು, ಎರಡೂ ಆಗಬಹುದು. ಒಳಗೆ ಎಂದರೆ, ಏದುಸಿರು ಇದೆ ಎಂದರೆ, ಎದೆಹಾಲಿನ ಮಾತು ಅಲ್ಲಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಿಸಿ.